ನಕ್ಷೆ ಗಟ್ಟಿಯಾಗುವ ಮೊದಲೇ ಕರೆ ಮಾಡಿ: ವಾಣಿಜ್ಯ ಕಟ್ಟಡಕ್ಕೆ ವಿದ್ಯುತ್ ಕಂಪನಿಯ ಪ್ರೋತ್ಸಾಹಧನ ಪಡೆಯುವ ಸಮಗ್ರ ಮಾರ್ಗದರ್ಶಿ

ಪಶ್ಚಿಮಕ್ಕೆ ಮುಖ ಮಾಡಿದ ನೂರು ಚದರ ಮೀಟರ್ ಗಾಜಿನ ಗೋಡೆ ಇದೆ ಅಂತ ಇಟ್ಟುಕೊಳ್ಳಿ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಅದರ ಮೇಲೆ ಚದರ ಮೀಟರ್‌ಗೆ 600 ವ್ಯಾಟ್ ಬಿಸಿಲು ಬೀಳುತ್ತಿದೆ. ಸಾದಾ ಒಂಟಿ ಗಾಜು ಅದರಲ್ಲಿ ಸುಮಾರು ಶೇ 80ರಷ್ಟನ್ನು ಒಳಗೆ ಬಿಡುತ್ತದೆ. ಅಂದರೆ 48 ಕಿಲೋವ್ಯಾಟ್ ಶಾಖ. ಅದೇ ಜಾಗಕ್ಕೆ ಶೇ 27ರಷ್ಟು ಮಾತ್ರ ಒಳಬಿಡುವ, ಲೇಪನ ಇರುವ ಜೋಡಿ ಗಾಜು ಹಾಕಿದರೆ 16 ಕಿಲೋವ್ಯಾಟ್. ವ್ಯತ್ಯಾಸ 32 ಕಿಲೋವ್ಯಾಟ್. ಒಂದು ಟನ್ ಎಸಿ ಹೊರಹಾಕುವುದು ಸುಮಾರು 3.5 ಕಿಲೋವ್ಯಾಟ್ ಶಾಖವನ್ನು. ಹಾಗಾಗಿ ಈ ಒಂದು ಗೋಡೆಗೇ 9 ಟನ್ ಎಸಿಯ ಲೆಕ್ಕ ಆಚೀಚೆ ಆಗುತ್ತದೆ. ನೆಲ, ಗೋಡೆಗಳು ಆ ಶಾಖವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತವೆ, ನಿಜ. ಆದರೆ ಸಂಜೆಯ ಹೊತ್ತಿಗಾದರೂ ಅದನ್ನು ಹೊರಗೆ ಹಾಕಲೇಬೇಕು.

ನಕ್ಷೆ ಇನ್ನೂ ಪೆನ್ಸಿಲ್‌ನಲ್ಲಿ ಇರುವಾಗ ಈ ಗಾಜು ಬದಲಿಸಲು ಹತ್ತು ನಿಮಿಷ ಸಾಕು. ಕಟ್ಟಿದ ಮೇಲೆ ಮೂವತ್ತು ವರ್ಷ ಅದರ ಬಿಲ್ ಕಟ್ಟುತ್ತಲೇ ಇರಬೇಕು. ಆ ಹತ್ತು ನಿಮಿಷದಲ್ಲಿ ನೀವು ಸರಿಯಾದ ಕಡೆಗೆ ವಾಲಲಿ ಅಂತ ಎಷ್ಟೋ ವಿದ್ಯುತ್ ಕಂಪನಿಗಳು ದುಡ್ಡು ಕೊಡುತ್ತವೆ. ಅದನ್ನು ಪಡೆಯುವುದು ಹೇಗೆ ಅಂತ ಒಂದೊಂದೇ ಹಂತವಾಗಿ ಇಲ್ಲಿ ಬರೆದಿದ್ದೇನೆ. ಕಟ್ಟಡದ ಮಾಲೀಕರು, ಆರ್ಕಿಟೆಕ್ಟ್‌ಗಳು, ಎಸಿ ಮತ್ತು ಲೈಟಿಂಗ್ ವಿನ್ಯಾಸ ಮಾಡುವವರು, ಎಲ್ಲರಿಗೂ ಇದು ಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಬರುವ ಚೆಕ್‌ಗಿಂತ, ಶುರುವಿನಲ್ಲೇ ಸಿಗುವ ವಿನ್ಯಾಸದ ಸಹಾಯ ದೊಡ್ಡದು. ಆದರೆ ಆ ಸಹಾಯ ತಡವಾಗಿ ಬಂದವರಿಗೆ ಸಿಗುವುದಿಲ್ಲ.

ಕರೆಂಟ್ ಮಾರುವವರೇ ಕರೆಂಟ್ ಉಳಿಸಲು ದುಡ್ಡು ಕೊಡುವುದು ಯಾಕೆ?

ಇದು ಗೊತ್ತಾದರೆ ಮುಂದಿನ ನಿಯಮಗಳೆಲ್ಲ ಸುಲಭವಾಗಿ ತಲೆಗೆ ಹತ್ತುತ್ತವೆ. ವಿದ್ಯುತ್ ಜಾಲವನ್ನು ಕಟ್ಟುವುದು ವರ್ಷದ ಸರಾಸರಿ ಬಳಕೆಗಲ್ಲ. ವರ್ಷದಲ್ಲಿ ಕೆಲವೇ ಗಂಟೆ ಬರುವ ಅತಿ ಹೆಚ್ಚಿನ ಬೇಡಿಕೆಗೆ. ಆ ಕೆಲವು ಗಂಟೆಗೆ ಅಂತಲೇ ಸ್ಥಾವರ, ಲೈನು, ಟ್ರಾನ್ಸ್‌ಫಾರ್ಮರ್ ಎಲ್ಲ ಬೇಕು. ಹೊಸ ಸ್ಥಾವರ ಕಟ್ಟುವುದಕ್ಕಿಂತ ಬೇಡಿಕೆ ತಗ್ಗಿಸುವುದು ಎಷ್ಟೋ ಸಲ ಅಗ್ಗ.

1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಈ ಯೋಚನೆ ಗಟ್ಟಿಯಾಯಿತು. ಆದರೆ ಒಂದು ತೊಡಕಿತ್ತು. ಜಾಸ್ತಿ ಯೂನಿಟ್ ಮಾರಿದಷ್ಟೂ ಕಂಪನಿಗೆ ಲಾಭ. ಹಾಗಿದ್ದಾಗ ಉಳಿತಾಯದ ಬಗ್ಗೆ ಅವರಿಗೆ ಆಸಕ್ತಿ ಎಲ್ಲಿಂದ ಬರಬೇಕು? ಕ್ಯಾಲಿಫೋರ್ನಿಯಾ 1982ರಲ್ಲಿ ವಿದ್ಯುತ್ ಕಂಪನಿಗಳ ಆದಾಯಕ್ಕೂ ಮಾರಾಟವಾಗುವ ಯೂನಿಟ್‌ಗಳಿಗೂ ಇದ್ದ ಗಂಟನ್ನು ಬಿಚ್ಚಿತು. ವರ್ಮಾಂಟ್ ರಾಜ್ಯ 2000ದಲ್ಲಿ ಉಳಿತಾಯದ ಕೆಲಸಕ್ಕೇ ಎಫಿಷಿಯನ್ಸಿ ವರ್ಮಾಂಟ್ ಅಂತ ಬೇರೆ ಸಂಸ್ಥೆ ಮಾಡಿತು.

ಈ ದುಡ್ಡು ಸಾಮಾನ್ಯವಾಗಿ ಬರುವುದು ಗ್ರಾಹಕರೆಲ್ಲರ ಬಿಲ್‌ನಲ್ಲಿ ಸೇರುವ ಸಣ್ಣ ಮೊತ್ತದಿಂದ. ಸಣ್ಣ ಅಂಗಡಿಯವರೂ ಅದಕ್ಕೆ ಕೊಟ್ಟಿರುತ್ತಾರೆ. ಹಾಗಾಗಿ ನಿಯಂತ್ರಣ ಆಯೋಗಗಳು ಪ್ರತಿ ಯೂನಿಟ್ ಉಳಿತಾಯಕ್ಕೂ ಲೆಕ್ಕ ಕೇಳುತ್ತವೆ. ಕಾಗದಪತ್ರ ಜಾಸ್ತಿ ಅಂತ ಬೇಜಾರಾದಾಗ ಇದನ್ನು ನೆನಪು ಮಾಡಿಕೊಳ್ಳಿ. ಅವರು ಕೇಳುವುದು ನ್ಯಾಯವೇ.

ಹಂತ 1: ಯಾರು ಕೊಡುತ್ತಾರೆ ಅಂತ ಹುಡುಕಿ

ಹೊಸ ಕಟ್ಟಡಗಳಿಗೆ ಇಂಥ ಯೋಜನೆಗಳು ಹೆಚ್ಚು ಬೆಳೆದಿರುವುದು ಉತ್ತರ ಅಮೆರಿಕದಲ್ಲಿ. ಎಕ್ಸೆಲ್ ಎನರ್ಜಿ ಕಂಪನಿ ಮಿನ್ನೆಸೋಟಾ ಮತ್ತು ಕೊಲೊರಾಡೊದಲ್ಲಿ ಎನರ್ಜಿ ಡಿಸೈನ್ ಅಸಿಸ್ಟೆನ್ಸ್ ಅನ್ನುವ ಯೋಜನೆ ನಡೆಸಿದೆ. ಕ್ಯಾಲಿಫೋರ್ನಿಯಾದ ದೊಡ್ಡ ಕಂಪನಿಗಳು ಸೇರಿ ಸೇವಿಂಗ್ಸ್ ಬೈ ಡಿಸೈನ್ ಅಂತ ಬಹಳ ವರ್ಷ ನಡೆಸಿದವು. ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್ ಸೇವ್ ಇದೆ. ಆರೆಗಾನ್‌ನಲ್ಲಿ ಲಾಭದ ಉದ್ದೇಶವಿಲ್ಲದ ಎನರ್ಜಿ ಟ್ರಸ್ಟ್ ಆಫ್ ಆರೆಗಾನ್ 2002ರಿಂದ ಈ ಕೆಲಸ ಮಾಡುತ್ತಿದೆ. ಹೆಸರು ಬೇರೆ, ದರ ಬೇರೆ, ಫಾರಂ ಬೇರೆ. ಹೆಜ್ಜೆಗಳ ಕ್ರಮ ಮಾತ್ರ ಹೆಚ್ಚುಕಮ್ಮಿ ಒಂದೇ.

ಹುಡುಕುವಾಗ ಎರಡು ವಿಷಯ ಗಮನದಲ್ಲಿರಲಿ. ಒಂದು, ವಿದ್ಯುತ್ ಮತ್ತು ಗ್ಯಾಸ್ ಬೇರೆ ಬೇರೆ ಕಂಪನಿಯಿಂದ ಬರುತ್ತಿದ್ದರೆ ಎರಡೂ ಕಡೆ ವಿಚಾರಿಸಿ. ಇನ್ನೊಂದು, ಕೇಳುವಾಗ "ಹೊಸ ಕಟ್ಟಡದ ಯೋಜನೆ" ಅಂತಲೇ ಕೇಳಿ. ಹಳೆ ಲೈಟು, ಹಳೆ ಮೋಟಾರು ಬದಲಿಸುವವರಿಗೆ ಇರುವ ಯೋಜನೆಯೇ ಬೇರೆ. ಅದರಲ್ಲಿ ಹೋಲಿಕೆ ಕಿತ್ತುಹಾಕುವ ಹಳೆ ಸಾಮಾನಿನ ಜೊತೆ. ಹೊಸ ಕಟ್ಟಡದಲ್ಲಿ ಹೋಲಿಕೆ ಇನ್ನೂ ಕಟ್ಟದ, ಕಾಗದದ ಮೇಲಷ್ಟೇ ಇರುವ ಇನ್ನೊಂದು ಕಟ್ಟಡದ ಜೊತೆ. ಒಳಗೆ ಪೂರ್ತಿ ಕೆಡವಿ ಎಸಿ, ಲೈಟಿಂಗ್ ಎಲ್ಲ ಹೊಸದಾಗಿ ಮಾಡುವ ನವೀಕರಣವನ್ನೂ ಎಷ್ಟೋ ಕಡೆ ಹೊಸ ಕಟ್ಟಡದ ಯೋಜನೆಯಲ್ಲೇ ಸೇರಿಸಿಕೊಳ್ಳುತ್ತಾರೆ. ಕೇಳಿ ನೋಡಿ.

ಹಂತ 2: ಮೊದಲ ಕರೆ ಯಾವಾಗ?

ಜಾಗ ಗೊತ್ತಾಗಿದೆ, ಎಷ್ಟು ಚದರ ಮೀಟರ್ ಅಂತ ಗೊತ್ತಾಗಿದೆ, ಆರ್ಕಿಟೆಕ್ಟ್ ಮೊದಲ ಸ್ಕೆಚ್ ಹಾಕುತ್ತಿದ್ದಾರೆ. ಆವಾಗಲೇ ಮಾಡಿ. ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಬೇಕು, ಎಷ್ಟು ಅಗಲ ಇರಬೇಕು, ಗಾಜು ಎಷ್ಟಿರಬೇಕು ಅನ್ನುವುದೆಲ್ಲ ಆಗ ತೀರ್ಮಾನವಾಗುತ್ತದೆ. ದೊಡ್ಡ ಉಳಿತಾಯ ಅಲ್ಲೇ ಇರುವುದು, ಅದೂ ಹೆಚ್ಚು ಖರ್ಚಿಲ್ಲದೆ.

ನಾನು ಕೆಲಸ ಮಾಡಿದ ಒಂದು ನಾಲ್ಕಂತಸ್ತಿನ ಆಫೀಸ್ ಕಟ್ಟಡದ ಕಥೆ ಹೇಳುತ್ತೇನೆ. ಚಿಲ್ಲರ್ (ಇಡೀ ಕಟ್ಟಡದ ಎಸಿಗೆ ನೀರು ತಣಿಸುವ ಯಂತ್ರ) ಬರಲು ತಿಂಗಳುಗಟ್ಟಲೆ ಆಗುತ್ತದೆ ಅಂತ ಮಾಲೀಕರು ಅವಸರದಲ್ಲಿ ಆರ್ಡರ್ ಕೊಟ್ಟುಬಿಟ್ಟರು. ಒಳ್ಳೆಯ ಚಿಲ್ಲರೇ. ಎರಡು ವಾರ ಬಿಟ್ಟು ಅರ್ಜಿ ಹೋಯಿತು. ಪರಿಶೀಲನೆ ಮಾಡಿದವರು ಕೇಳಿದ್ದು ಒಂದೇ ಪ್ರಶ್ನೆ: ಪರ್ಚೇಸ್ ಆರ್ಡರ್ ತಾರೀಖು ಯಾವುದು? ತಾರೀಖು ನೋಡಿದರು, ಚಿಲ್ಲರ್ ಬಾಬ್ತನ್ನು ಪೂರ್ತಿ ಹೊಡೆದುಹಾಕಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಾಲೀಕರ ಮುಖ ನನಗೆ ಇನ್ನೂ ನೆನಪಿದೆ.

ಹೀಗೆ ಮಾಡುವುದಕ್ಕೆ ಕಾರಣ ಇದೆ. ಪ್ರೋತ್ಸಾಹಧನದಿಂದ ನಿಮ್ಮ ತೀರ್ಮಾನ ಬದಲಾಗಿರಬೇಕು. ಹೇಗಿದ್ದರೂ ಮಾಡುತ್ತಿದ್ದ ಕೆಲಸಕ್ಕೆ ಬೇರೆ ಗ್ರಾಹಕರ ದುಡ್ಡು ಯಾಕೆ ಕೊಡಬೇಕು, ಅಲ್ವಾ? ಆರ್ಡರ್ ಆಗಲೇ ಹೋಗಿದ್ದರೆ ತೀರ್ಮಾನ ಮುಗಿದಿದೆ ಅಂತಲೇ ಅರ್ಥ. ಅದಕ್ಕೇ ಕರೆ ಮಾಡಿದ ದಿನ ಒಂದು ಇಮೇಲ್ ಕೂಡ ಕಳಿಸಿ. ಇಂಥ ದಿನ ಮಾತಾಡಿದೆವು, ಇಂಥಿಂಥ ಆಯ್ಕೆಗಳು ಇನ್ನೂ ತೀರ್ಮಾನವಾಗಿಲ್ಲ ಅಂತ ಬರೆಯಿರಿ. ಸಭೆ ಆದಾಗಲೆಲ್ಲ ಯಾವುದು ಯಾಕೆ ಬದಲಾಯಿತು ಅಂತ ಎರಡು ಸಾಲು ಬರೆದಿಡಿ. ಮುಂದೆ ಇದೇ ಸಾಕ್ಷಿಯಾಗುತ್ತದೆ.

ಹಂತ 3: ಯಾವ ದಾರಿ ಹಿಡಿಯಬೇಕು?

ಸಾಮಾನ್ಯವಾಗಿ ಮೂರು ದಾರಿ ಇರುತ್ತವೆ.

ಮೊದಲನೆಯದು ಪಟ್ಟಿಯ ದಾರಿ. ಇಂಥ ದಕ್ಷತೆಯ ಎಸಿ ಹಾಕಿದರೆ ಟನ್‌ಗೆ ಇಷ್ಟು, ಇಂಥ ಲೈಟ್ ಹಾಕಿದರೆ ಒಂದಕ್ಕೆ ಇಷ್ಟು. ಅಂಗಡಿ, ಗೋದಾಮು, ಸಣ್ಣ ಕ್ಲಿನಿಕ್‌ನಂಥವಕ್ಕೆ ಇದು ಸಾಕು. ಲೆಕ್ಕ ಕಡಿಮೆ, ತಲೆನೋವೂ ಕಡಿಮೆ.

ಎರಡನೆಯದು ಇಡೀ ಕಟ್ಟಡದ ದಾರಿ. ಕಂಪ್ಯೂಟರ್‌ನಲ್ಲಿ ಕಟ್ಟಡದ ಎನರ್ಜಿ ಮಾಡೆಲ್ ಕಟ್ಟಿ, ಮಾನದಂಡದ ಕಟ್ಟಡಕ್ಕಿಂತ (ಅಂದರೆ ನಿಯಮದ ಕನಿಷ್ಠ ಮಟ್ಟಕ್ಕಷ್ಟೇ ಕಟ್ಟಿದ ಕಟ್ಟಡಕ್ಕಿಂತ) ವರ್ಷಕ್ಕೆ ಎಷ್ಟು ಯೂನಿಟ್ ಕಡಿಮೆ ಅಂತ ತೋರಿಸಬೇಕು. ಗೋಡೆಯಲ್ಲಿ ಶಾಖ ತಡೆಯುವ ನಿರೋಧಕ, ಗಾಜು, ನೆರಳು, ಕಟ್ಟಡದ ದಿಕ್ಕು ಹೀಗೆ ಪಟ್ಟಿಯಲ್ಲಿ ಸಾಮಾನಾಗಿ ಬರೆಯಲಾಗದವಕ್ಕೂ ಇಲ್ಲಿ ಬೆಲೆ ಸಿಗುತ್ತದೆ. ಆಸ್ಪತ್ರೆ, ಕಾಲೇಜು, ದೊಡ್ಡ ಆಫೀಸು, ಹೋಟೆಲ್ ಆದರೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ.

ಮೂರನೆಯದು ಗುರಿಯ ದಾರಿ. ಚದರ ಮೀಟರ್‌ಗೆ ವರ್ಷಕ್ಕೆ ಇಷ್ಟೇ ಯೂನಿಟ್ ಅಂತ ಮೊದಲೇ ಗುರಿ ಇಟ್ಟುಕೊಂಡು, ಕಟ್ಟಿದ ಮೇಲೆ ಮೀಟರ್‌ನಲ್ಲಿ ಅದನ್ನು ಮುಟ್ಟಿ ತೋರಿಸುವುದು. ಮ್ಯಾಸಚೂಸೆಟ್ಸ್‌ನಲ್ಲಿ ಇಂಥದ್ದಿದೆ. ಇದು ನನಗೆ ಬಹಳ ಇಷ್ಟ. ಇಲ್ಲಿ ಮಾನದಂಡದ ಕಟ್ಟಡ ಹೇಗಿರಬೇಕು ಅಂತ ವಾದ ಮಾಡುತ್ತಾ ಕೂರುವ ಹಾಗಿಲ್ಲ. ಮೀಟರ್ ಏನು ಹೇಳುತ್ತದೋ ಅದೇ ಲೆಕ್ಕ. ಆದರೆ ಕಟ್ಟಡ ನಡೆಸುವವರು ಶ್ರದ್ಧೆಯಿಂದ ನಡೆಸದಿದ್ದರೆ ಕೊನೆಯ ಕಂತು ಹೋಗಬಹುದು.

ಹಂತ 4: ಬೇಸ್‌ಲೈನ್ ಅರ್ಥ ಮಾಡಿಕೊಳ್ಳಿ

ಉಳಿತಾಯ ಅಂದರೆ ಯಾವುದಕ್ಕಿಂತ ಉಳಿತಾಯ? ಆ "ಯಾವುದು" ಅನ್ನುವುದೇ ಬೇಸ್‌ಲೈನ್. ಹೊಸ ಕಟ್ಟಡಕ್ಕೆ ಅದು ಸಾಮಾನ್ಯವಾಗಿ ಆ ಪ್ರದೇಶದ ಎನರ್ಜಿ ಕೋಡ್ (ಕಟ್ಟಡಗಳ ಶಕ್ತಿ ಬಳಕೆಯ ನಿಯಮ) ಪ್ರಕಾರ ಕನಿಷ್ಠ ಮಟ್ಟಕ್ಕೆ ಕಟ್ಟಿದ ಕಟ್ಟಡ. ಬಹಳ ಕಡೆ ಅದರ ಬೇರು ಆಶ್ರೇ ಅನ್ನುವ, ಎಸಿ ಮತ್ತು ಹೀಟಿಂಗ್ ಎಂಜಿನಿಯರ್‌ಗಳ ಅಮೆರಿಕದ ಸಂಘದ 90.1 ಮಾನದಂಡದಲ್ಲಿದೆ. ಅದರ ಮೊದಲ ರೂಪ ಬಂದದ್ದು 1975ರಲ್ಲಿ. ಕೆಲವು ವರ್ಷಕ್ಕೊಮ್ಮೆ ಪರಿಷ್ಕಾರ ಆಗುತ್ತದೆ, ಆದಾಗಲೆಲ್ಲ ಬಿಗಿಯಾಗುತ್ತದೆ.

ಎಷ್ಟು ಬಿಗಿ ಅನ್ನುವುದಕ್ಕೆ ಲೈಟಿಂಗ್ ಒಂದನ್ನೇ ನೋಡಿ. ಆಫೀಸ್ ಕಟ್ಟಡದ ಲೈಟಿಂಗ್‌ಗೆ 2004ರ ಆವೃತ್ತಿಯಲ್ಲಿ ಚದರ ಮೀಟರ್‌ಗೆ 10.8 ವ್ಯಾಟ್ ತನಕ ಅವಕಾಶ ಇತ್ತು. 2016ರಲ್ಲಿ 8.5. 2019ರಲ್ಲಿ 6.9. ನಡುವೆ ಎಲ್‌ಇಡಿ ಬಂತಲ್ಲ. ಈಗ ಸುಮ್ನೆ "ಎಲ್ಲ ಎಲ್‌ಇಡಿ ಹಾಕಿದ್ದೇವೆ" ಅಂದರೆ ಯಾರೂ ದುಡ್ಡು ಕೊಡುವುದಿಲ್ಲ. ಕೋಡ್ ಆಗಲೇ ಅದನ್ನು ಲೆಕ್ಕಕ್ಕೆ ಹಿಡಿದಿದೆ. 6.9 ಇರುವಲ್ಲಿ 4.5ಕ್ಕೆ ಇಳಿಸಿ, ಬೆಳಕೂ ಸಾಕಷ್ಟಿದೆ ಅಂತ ತೋರಿಸಿದರೆ ಆಗ ಮಾತು.

ಹಾಗಾಗಿ ಕಂಪನಿಯವರನ್ನು ಬರವಣಿಗೆಯಲ್ಲಿ ಕೇಳಬೇಕಾದ ಪ್ರಶ್ನೆ: ನನ್ನ ಕಟ್ಟಡಕ್ಕೆ ಯಾವ ವರ್ಷದ ಆವೃತ್ತಿ ಅನ್ವಯ? ಸಾಮಾನ್ಯವಾಗಿ ಅದನ್ನು ತೀರ್ಮಾನಿಸುವುದು ಕಟ್ಟಡ ಪರವಾನಗಿಗೆ ಅರ್ಜಿ ಹಾಕಿದ ತಾರೀಖು. ಕೋಡ್ ಬದಲಾಗುವ ಹೊಸ್ತಿಲಲ್ಲಿ ನಿಂತಿದ್ದರೆ ಈ ಒಂದು ತಾರೀಖಿನಿಂದ ಲೆಕ್ಕವೆಲ್ಲ ತಲೆಕೆಳಗಾಗಬಹುದು.

ಮಾಡೆಲ್ ಕಟ್ಟುವವರಿಗೆ ಇನ್ನೊಂದು ಮಾತು. 90.1ರ ಅನುಬಂಧ ಜಿ ಅನ್ನುವ ವಿಧಾನದಲ್ಲಿ ಬೇಸ್‌ಲೈನ್ ಕಟ್ಟಡದ ಎಸಿ ಯಾವ ಬಗೆಯದು, ಗಾಜು ಎಷ್ಟು ಅನ್ನುವುದಕ್ಕೆಲ್ಲ ಕಟ್ಟುನಿಟ್ಟಾದ ನಿಯಮಗಳಿವೆ. 2016ರ ಆವೃತ್ತಿಯಿಂದ ಆ ಬೇಸ್‌ಲೈನನ್ನು ಹೆಚ್ಚುಕಮ್ಮಿ 2004ರ ಮಟ್ಟಕ್ಕೆ ನಿಲ್ಲಿಸಿ, ಅದಕ್ಕಿಂತ ಎಷ್ಟು ಕೆಳಗೆ ಬರಬೇಕು ಅನ್ನುವ ಗುರಿಯನ್ನು ಮಾತ್ರ ಬದಲಿಸುತ್ತಾ ಹೋಗುತ್ತಾರೆ. ಆದ್ದರಿಂದ ಹಸಿರು ಕಟ್ಟಡದ ಪ್ರಮಾಣಪತ್ರಕ್ಕೆ ಅಂತ ಮಾಡಿದ ಮಾಡೆಲ್‌ನ ಶೇಕಡಾವಾರು ಉಳಿತಾಯವನ್ನು ಹಾಗೇ ತಂದು ಪ್ರೋತ್ಸಾಹಧನದ ಅರ್ಜಿಗೆ ಅಂಟಿಸಬೇಡಿ. ಎರಡರ ಬೇಸ್‌ಲೈನ್ ಬೇರೆ ಇರಬಹುದು.

ಹಂತ 5: ಮೊದಲು ಹೊರೆ ಇಳಿಸಿ, ಆಮೇಲೆ ಯಂತ್ರ ಆರಿಸಿ

ಇಡೀ ಮಾರ್ಗದರ್ಶಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ.

ಎಷ್ಟೋ ಯೋಜನೆಗಳಲ್ಲಿ ಕಂಪನಿಯೇ ಎನರ್ಜಿ ಮಾಡೆಲಿಂಗ್ ತಜ್ಞರನ್ನು ಕೊಡುತ್ತದೆ, ಅಥವಾ ಅವರ ಶುಲ್ಕದ ಒಂದು ಪಾಲು ಕೊಡುತ್ತದೆ. ಕೆಲವು ಕಡೆ ವಿನ್ಯಾಸ ತಂಡಕ್ಕೇ ಬೇರೆ ಪ್ರೋತ್ಸಾಹಧನ ಇರುತ್ತದೆ. ಸೇವಿಂಗ್ಸ್ ಬೈ ಡಿಸೈನ್‌ನಲ್ಲಿ ಹಾಗೇ ಇತ್ತು. ಹೆಚ್ಚಿನ ಯೋಚನೆಗೆ ಹೆಚ್ಚಿನ ಸಮಯ ಬೇಕಲ್ಲ, ಅದಕ್ಕೆ ಯಾರಾದರೂ ದುಡ್ಡು ಕೊಡಬೇಕು. ಸಹಾಯ ಸಿಗದಿದ್ದರೆ ಎನರ್ಜಿಪ್ಲಸ್, ಇಕ್ವೆಸ್ಟ್‌ನಂಥ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಅವು ವರ್ಷದ 8,760 ಗಂಟೆಗೂ ಹವಾಮಾನ ಹಿಡಿದು ಲೆಕ್ಕ ಹಾಕುತ್ತವೆ.

ಮೊದಲ ಮಾಡೆಲ್ ಪೆಟ್ಟಿಗೆಯಷ್ಟು ಸರಳವಾಗಿರಲಿ. ಬಾಗಿಲು, ಕೋಣೆ ಏನೂ ಬೇಡ. ಆಕಾರ, ದಿಕ್ಕು, ಗಾಜಿನ ಪಾಲು, ಜನ, ಲೈಟು ಇಷ್ಟೇ. ಅದನ್ನು ಮುಂದಿಟ್ಟುಕೊಂಡು ಮಾಲೀಕರು, ಆರ್ಕಿಟೆಕ್ಟ್, ಎಸಿಯವರು, ಎಲೆಕ್ಟ್ರಿಕಲ್‌ನವರು ಒಂದೇ ಮೇಜಿನ ಸುತ್ತ ಅರ್ಧ ದಿನ ಕೂರಿ. ಗಾಜು ಶೇ 60ರಿಂದ 40ಕ್ಕೆ ಇಳಿಸಿದರೆ ಏನಾಗುತ್ತದೆ? ಪಶ್ಚಿಮಕ್ಕೆ ನೆರಳಿನ ರೆಕ್ಕೆ (ಕಿಟಕಿಯ ಹೊರಗೆ ಬಿಸಿಲು ತಡೆಯುವ ಪಟ್ಟಿ) ಇಟ್ಟರೆ? ಕೇಳಿ, ಅಲ್ಲೇ ಓಡಿಸಿ, ಅಲ್ಲೇ ನೋಡಿ.

ಕ್ರಮ ಮುಖ್ಯ. ಮೊದಲು ಶಾಖ ಒಳಗೆ ಬರದ ಹಾಗೆ ಮಾಡಿ: ದಿಕ್ಕು, ನೆರಳು, ಗಾಜು, ಮಾಡಿನ ನಿರೋಧಕ. ಆಮೇಲೆ ಒಳಗೇ ಹುಟ್ಟುವ ಶಾಖ ಇಳಿಸಿ. ಲೈಟಿಗೆ ಹೋದ ಕರೆಂಟೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಆ ಶಾಖ ಹೊರಹಾಕಲು ಎಸಿ ಮತ್ತೆ ಕರೆಂಟ್ ತಿನ್ನುತ್ತದೆ. ಒಂದು ಯೂನಿಟ್ ಕರೆಂಟಿಗೆ ನಾಲ್ಕು ಯೂನಿಟ್ ಶಾಖ ಹೊರಹಾಕುವ ಎಸಿ ಇದ್ದರೆ, ಸೆಕೆಯ ದಿನ ಲೈಟಿನಲ್ಲಿ ಉಳಿದ ಪ್ರತಿ 4 ಯೂನಿಟ್‌ಗೆ ಎಸಿಯಲ್ಲೂ ಸುಮಾರು 1 ಯೂನಿಟ್ ಉಳಿಯುತ್ತದೆ. ಚಳಿ ದೇಶಗಳಲ್ಲಿ ಚಳಿಗಾಲಕ್ಕೆ ಇದು ಉಲ್ಟಾ. ಆ ಶಾಖ ತಪ್ಪಿದ್ದಕ್ಕೆ ಹೀಟರ್ ಸ್ವಲ್ಪ ಜಾಸ್ತಿ ಓಡಬೇಕು. ಮಾಡೆಲ್ ಎರಡನ್ನೂ ಹಿಡಿಯುತ್ತದೆ.

ಇವೆರಡೂ ಆದ ಮೇಲೆ ಗಾಳಿ, ನೀರು ಸಾಗಿಸುವ ದಾರಿ. ಇದನ್ನು ಜನ ಮರೆತೇಬಿಡುತ್ತಾರೆ. ಅಷ್ಟೇ ನೀರು ಹರಿಯುವಾಗ ಪೈಪಿನ ಒಳ ಅಗಲವನ್ನು ಶೇ 20ರಷ್ಟು ಹೆಚ್ಚಿಸಿದರೆ ಘರ್ಷಣೆಯಲ್ಲಿ ಹೋಗುವ ಒತ್ತಡ ಸುಮಾರು ಶೇ 60ರಷ್ಟು ಇಳಿಯುತ್ತದೆ. ಒಂದು ಅಳತೆ ದೊಡ್ಡ ಪೈಪ್, ಎರಡು ಕಡಿಮೆ ತಿರುವು. ಪಂಪು ಸಣ್ಣದಾಯಿತು, ಮೋಟಾರು ಸಣ್ಣದಾಯಿತು. ಫ್ಯಾನಿನದೂ ಇಂಥದ್ದೇ ಗುಟ್ಟು. ವೇಗ ಶೇ 80ಕ್ಕೆ ಇಳಿಸಿದರೆ ಅದು ತಿನ್ನುವ ಶಕ್ತಿ ಸುಮಾರು ಅರ್ಧಕ್ಕೆ ಬರುತ್ತದೆ. ಶೇ 60ಕ್ಕೆ ಇಳಿಸಿದರೆ ಐದರಲ್ಲಿ ಒಂದು ಪಾಲಿಗೆ. ವೇಗ ಬದಲಿಸುವ ಡ್ರೈವ್‌ಗೆ ಯಾಕೆ ಅಷ್ಟು ಬೆಲೆ ಅಂತ ಈಗ ಗೊತ್ತಾಯಿತಲ್ಲ.

ಚಿಲ್ಲರ್ ಆರಿಸುವುದು ಇವೆಲ್ಲ ಮುಗಿದ ಮೇಲೆ. ಹೊರೆ ಇಳಿದಿರುವುದರಿಂದ 200 ಟನ್ ಬೇಕಿದ್ದ ಕಡೆ 150 ಸಾಕಾಗಬಹುದು. ಒಳ್ಳೆ ಗಾಜಿಗೆ ಹೋದ ದುಡ್ಡಿನ ಒಂದು ಪಾಲು ಇಲ್ಲಿ ವಾಪಸ್ ಬರುತ್ತದೆ. ಆದರೆ ಒಂದು ಷರತ್ತು. ಎಸಿ ವಿನ್ಯಾಸ ಮಾಡುವವರು ಹೊಸ ಹೊರೆಯ ಲೆಕ್ಕವನ್ನು ನಂಬಿ ಯಂತ್ರವನ್ನು ನಿಜವಾಗಿಯೂ ಸಣ್ಣದು ಮಾಡಬೇಕು. "ಯಾವುದಕ್ಕೂ ಇರಲಿ" ಅಂತ ಹಳೆ ಅಳತೆಯನ್ನೇ ಉಳಿಸಿಕೊಂಡರೆ ಎರಡು ಕಡೆಯೂ ಖರ್ಚು. ಈ ಸಂಭಾಷಣೆ ಕಷ್ಟದ್ದು. ಸೆಕೆ ಅಂತ ದೂರು ಬಂದರೆ ಅದು ಬರುವುದು ಅವರ ಹೆಸರಿಗೆ. ಅದಕ್ಕೇ ಅವರನ್ನು ಮೊದಲ ದಿನದಿಂದಲೇ ಮೇಜಿನ ಹತ್ತಿರ ಕೂರಿಸಿ, ಲೆಕ್ಕ ಅವರ ಕಣ್ಣೆದುರೇ ಆಗಲಿ.

ಹಂತ 6: ದುಡ್ಡಿನ ಲೆಕ್ಕ

ಉದಾಹರಣೆಗೆ 5,000 ಚದರ ಮೀಟರ್ ಆಫೀಸ್ ಹಿಡಿಯೋಣ. ಬೇಸ್‌ಲೈನ್ ಚದರ ಮೀಟರ್‌ಗೆ ವರ್ಷಕ್ಕೆ 180 ಯೂನಿಟ್, ಒಟ್ಟು 9,00,000. ನಿಮ್ಮ ವಿನ್ಯಾಸ 126 ಯೂನಿಟ್, ಒಟ್ಟು 6,30,000. ಉಳಿತಾಯ 2,70,000 ಯೂನಿಟ್, ಅಂದರೆ ಶೇ 30.

ಇಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. ಒಂದೊಂದು ಕ್ರಮವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿದಾಗ ಗಾಜು 60,000, ಲೈಟು 70,000, ಫ್ಯಾನು 60,000, ಚಿಲ್ಲರ್ 1,10,000, ಸೆನ್ಸರ್‌ನಂಥ ನಿಯಂತ್ರಣ ವ್ಯವಸ್ಥೆ 40,000 ಅಂತ ಬಂತು ಅನ್ನಿ. ಕೂಡಿದರೆ 3,40,000. ಎಲ್ಲವನ್ನೂ ಒಟ್ಟಿಗೆ ಹಾಕಿ ಮಾಡೆಲ್ ಓಡಿಸಿದರೆ 2,70,000 ಮಾತ್ರ. ಉಳಿದ 70,000 ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಗಾಜು ಮತ್ತು ಲೈಟಿನಿಂದ ಹೊರೆ ಇಳಿದ ಮೇಲೆ ಚಿಲ್ಲರ್‌ಗೆ ಉಳಿಸಲು ಸಿಗುವುದೇ ಕಡಿಮೆ. ಒಂದೇ ಉಳಿತಾಯವನ್ನು ಎರಡು ಸಲ ಎಣಿಸಿದ್ದೆವು. ಅರ್ಜಿಯಲ್ಲಿ ಯಾವಾಗಲೂ ಒಟ್ಟಿಗೆ ಓಡಿಸಿದ ಅಂಕಿಯನ್ನೇ ಕೊಡಿ.

ಇನ್ನು ಪ್ರೋತ್ಸಾಹಧನ. ಸಾಮಾನ್ಯ ಸೂತ್ರ ಹೀಗಿರುತ್ತದೆ: ಉಳಿದ ಯೂನಿಟ್‌ಗೆ ಇಷ್ಟು ದರ, ಜೊತೆಗೆ ಗರಿಷ್ಠ ಬೇಡಿಕೆಯಲ್ಲಿ ಇಳಿದ ಪ್ರತಿ ಕಿಲೋವ್ಯಾಟ್‌ಗೆ ಇಷ್ಟು. ಕೆಲವು ಕಡೆ ಶೇಕಡಾವಾರು ಹೆಚ್ಚಿದ ಹಾಗೆ ಯೂನಿಟ್ ದರವೂ ಏರುತ್ತದೆ. ಅಂಥ ಕಡೆ ನೀವು ಮುಂದಿನ ಮೆಟ್ಟಿಲಿಗೆ ಹತ್ತಿರ ಇದ್ದೀರಾ ಅಂತ ನೋಡಿ. ಮೆಟ್ಟಿಲು ಶೇ 30ಕ್ಕೆ ಇದ್ದು ನೀವು 28ರಲ್ಲಿದ್ದರೆ, ಇನ್ನೊಂದು ಸಣ್ಣ ಬದಲಾವಣೆಯಿಂದ ಎಲ್ಲ ಯೂನಿಟ್‌ಗೂ ಹೊಸ ದರ ಸಿಗಬಹುದು.

ಗರಿಷ್ಠ ಬೇಡಿಕೆ ಅಂದರೆ ನಿಮ್ಮ ಕಟ್ಟಡದ ಗರಿಷ್ಠ ಅಲ್ಲ. ಕಂಪನಿಯ ಜಾಲದ ಗರಿಷ್ಠ. ಅವರ ಗರಿಷ್ಠ ಸಂಜೆ 5ರಿಂದ 8ರ ನಡುವೆ ಇದ್ದು, ನಿಮ್ಮ ಆಫೀಸ್ 5ಕ್ಕೆ ಬಾಗಿಲು ಹಾಕುವುದಾದರೆ ಆ ಬಾಬ್ತಿನಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಅವರ ಗಂಟೆಗಳು ಯಾವುವು ಅಂತ ಮೊದಲೇ ಕೇಳಿಕೊಂಡು ಮಾಡೆಲ್‌ನಲ್ಲಿ ಅದೇ ಗಂಟೆಗಳನ್ನು ನೋಡಿ.

ಮಿತಿಗಳೂ ಇರುತ್ತವೆ. ಹೆಚ್ಚುವರಿ ಖರ್ಚಿನ ಇಂತಿಷ್ಟು ಪಾಲಿಗಿಂತ ಹೆಚ್ಚು ಕೊಡುವುದಿಲ್ಲ ಅನ್ನುವುದು ಸಾಮಾನ್ಯ. ಹೆಚ್ಚುವರಿ ಖರ್ಚು ಅಂದರೆ ಒಳ್ಳೆ ಚಿಲ್ಲರ್‌ನ ಪೂರ್ತಿ ಬೆಲೆ ಅಲ್ಲ. ಕೋಡ್ ಮಟ್ಟದ ಚಿಲ್ಲರ್‌ಗಿಂತ ಎಷ್ಟು ಜಾಸ್ತಿ ಆಯಿತೋ ಅಷ್ಟು. ಅದಕ್ಕಾಗಿ ಎರಡಕ್ಕೂ ಕೊಟೇಶನ್ ತೆಗೆದಿಟ್ಟುಕೊಳ್ಳಿ. ಮೊದಲೇ ತೆಗೆದರೆ ಸುಲಭ, ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ. ಸೋಲಾರ್‌ಗೆ ಬಹಳ ಕಡೆ ಬೇರೆಯೇ ಯೋಜನೆ ಇರುತ್ತದೆ, ಇದರ ಜೊತೆ ಬೆರೆಸಬೇಡಿ. ಪ್ರೋತ್ಸಾಹಧನಕ್ಕೆ ತೆರಿಗೆ ಹೇಗೆ ಅಂತ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ.

ಹಂತ 7: ಒಪ್ಪಿಗೆ ಪತ್ರ

ಕಂಪನಿ ಮಾಡೆಲನ್ನು ಪರಿಶೀಲಿಸಿ ಒಪ್ಪಿಗೆ ಪತ್ರ ಅಥವಾ ಒಪ್ಪಂದ ಕಳಿಸುತ್ತದೆ. ದುಡ್ಡಿನ ಅಂಕಿ ನೋಡಿ ಖುಷಿಪಟ್ಟು ಸಹಿ ಹಾಕಬೇಡಿ. ಕೆಲಸ ಯಾವ ತಾರೀಖಿನೊಳಗೆ ಮುಗಿಯಬೇಕು, ವಿಳಂಬವಾದರೆ ವಿಸ್ತರಣೆ ಇದೆಯಾ, ಸಾಮಾನು ಬದಲಾದರೆ ಯಾರಿಗೆ ಹೇಳಬೇಕು, ಚೆಕ್ ಯಾರ ಹೆಸರಿಗೆ ಬರುತ್ತದೆ, ಕಟ್ಟಡ ನಡುವೆ ಮಾರಾಟವಾದರೆ ಏನು ಅನ್ನುವುದನ್ನು ಓದಿ. ಕಟ್ಟಡದ ಕೆಲಸ ತಡವಾಗುವುದು ಮಾಮೂಲು. ತಾರೀಖಿನ ಸಾಲನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ.

ಸಾಮಾನಿನ ಆರ್ಡರ್ ಈ ಪತ್ರ ಕೈಗೆ ಬಂದ ಮೇಲೆ.

ಹಂತ 8: ಟೆಂಡರ್‌ನಲ್ಲಿ ಸೋರದ ಹಾಗೆ ನೋಡಿಕೊಳ್ಳಿ

ಮಾಡೆಲ್‌ನಲ್ಲಿ ಇರುವುದು ನಕ್ಷೆಯಲ್ಲಿ ಇರಬೇಕು. ನಕ್ಷೆಯಲ್ಲಿ ಇರುವುದು ಟೆಂಡರ್‌ನಲ್ಲಿ ಇರಬೇಕು. ಟೆಂಡರ್‌ನಲ್ಲಿ ಇರುವುದು ಗೋಡೆಯಲ್ಲಿ ಕೂರಬೇಕು. ಈ ಸರಪಳಿ ಸಾಮಾನ್ಯವಾಗಿ ತುಂಡಾಗುವುದು ಖರ್ಚು ಕಡಿತದ ಸಭೆಯಲ್ಲಿ. ಬಜೆಟ್ ಮೀರಿದೆ, ಏನು ತೆಗೆಯೋಣ ಅನ್ನುವಾಗ ಮೊದಲು ಹೋಗುವುದು ಹೊರಗಿನ ನೆರಳಿನ ರೆಕ್ಕೆ. ಯಾಕೆಂದರೆ ಅದು ಅಲಂಕಾರದ ಹಾಗೆ ಕಾಣುತ್ತದೆ. ಆದರೆ ಚಿಲ್ಲರ್ ಸಣ್ಣದಾದದ್ದೇ ಆ ರೆಕ್ಕೆಯನ್ನು ನಂಬಿಕೊಂಡು! ರೆಕ್ಕೆ ತೆಗೆದು ಸಣ್ಣ ಚಿಲ್ಲರ್ ಉಳಿಸಿಕೊಂಡರೆ ಪಶ್ಚಿಮದ ಕಡೆ ಕೂತವರು ಪ್ರತಿ ಮಧ್ಯಾಹ್ನ ಬೇಯುತ್ತಾರೆ.

ಅದಕ್ಕೆ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಪ್ರತಿ ಕ್ರಮದ ಎದುರು ಎಷ್ಟು ಯೂನಿಟ್, ಎಷ್ಟು ಪ್ರೋತ್ಸಾಹಧನ, ಇದನ್ನು ತೆಗೆದರೆ ಇನ್ನು ಯಾವುದು ಬದಲಾಗಬೇಕು ಅಂತ ಬರೆಯಿರಿ. ಆ ಹಾಳೆಯನ್ನು ಖರ್ಚು ಕಡಿತದ ಪ್ರತಿ ಸಭೆಗೂ ತೆಗೆದುಕೊಂಡು ಹೋಗಿ. ಗುತ್ತಿಗೆದಾರರು "ಇದಕ್ಕೆ ಸಮ ಇನ್ನೊಂದಿದೆ" ಅಂತ ಬೇರೆ ಗಾಜು ತಂದರೆ, ಎಷ್ಟು ಶಾಖ ಒಳಬಿಡುತ್ತದೆ ಅನ್ನುವ ಅಂಕಿ ಸಮ ಇದೆಯಾ ನೋಡಿ. ಬಣ್ಣ, ದಪ್ಪ ಸಮ ಇದ್ದರೆ ಸಾಲದು.

ಹಂತ 9: ಕೆಲಸ ಮುಗಿದಾಗ ಪರಿಶೀಲನೆ

ದೊಡ್ಡ ಕಟ್ಟಡಗಳಿಗೆ ಕಮಿಷನಿಂಗ್ ಕಡ್ಡಾಯವಾಗಿರುತ್ತದೆ. ಕಡ್ಡಾಯ ಇಲ್ಲದಿದ್ದರೂ ಮಾಡಿಸಿ. ಎಲ್ಲ ಹಾಕಿದ್ದಾರಾ ಅಂತ ಎಣಿಸಿದರೆ ಮುಗಿಯಲಿಲ್ಲ. ಹಾಕಿದ್ದು ಹೇಳಿದ ಹಾಗೆ ನಡೆಯುತ್ತಿದೆಯಾ ಅಂತ ಒಂದೊಂದಾಗಿ ನಡೆಸಿ ನೋಡಬೇಕು.

ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಕಿಟಕಿ ಪಕ್ಕದ ಲೈಟುಗಳು ನಡು ಮಧ್ಯಾಹ್ನವೂ ಪೂರ್ತಿ ಉರಿಯುತ್ತಿದ್ದವು. ಹೊರಗೆ ಝಗಮಗ ಬಿಸಿಲು. ಹಗಲಿನ ಬೆಳಕು ನೋಡಿ ಲೈಟ್ ತಗ್ಗಿಸುವ ಸೆನ್ಸರ್ ಹಾಕಿದ್ದಾರೆ, ವೈರಿಂಗ್ ಸರಿ ಇದೆ, ಪ್ರೋಗ್ರಾಂ ಸರಿ ಇದೆ. ಕೊನೆಗೆ ಏಣಿ ಹತ್ತಿ ನೋಡಿದೆವು. ಸೀಲಿಂಗ್‌ಗೆ ಬಣ್ಣ ಹೊಡೆಯುವಾಗ ಸೆನ್ಸರ್ ಮೇಲೆ ಅಂಟಿಸಿದ್ದ ಟೇಪ್ ಹಾಗೇ ಇತ್ತು. ಪಾಪ, ಸೆನ್ಸರ್‌ಗೆ ಯಾವಾಗಲೂ ಕತ್ತಲೆ. ಆ ಮಹಡಿಯಲ್ಲಿ ಹನ್ನೊಂದು ಕಡೆ ಟೇಪ್ ಕಿತ್ತೆವು. ಒಂದು ತಾಸಿನ ಕೆಲಸ. ಯಾರೂ ಏಣಿ ಹತ್ತದೆ ಇದ್ದಿದ್ದರೆ ಅದು ವರ್ಷಗಟ್ಟಲೆ ಹಾಗೇ ಇರುತ್ತಿತ್ತು. ಕಾಗದದ ಮೇಲೆ ಉಳಿತಾಯ ಇರುತ್ತಿತ್ತು, ಮೀಟರ್‌ನಲ್ಲಿ ಇರುತ್ತಿರಲಿಲ್ಲ.

ಕಂಪನಿಯ ಕಡೆಯಿಂದಲೂ ಒಬ್ಬರು ಬಂದು ನೋಡುತ್ತಾರೆ. ಅವರಿಗೆ ಬೇಕಾಗುವ ದಾಖಲೆಗಳನ್ನು ಕೆಲಸ ನಡೆಯುವಾಗಲೇ ಕೂಡಿಸಿ: ಬಿಲ್ಲುಗಳು, ಯಂತ್ರದ ಮೇಲಿನ ನಾಮಫಲಕದ ಫೋಟೊ, ಗಾಜಿನ ತಯಾರಕರ ಪತ್ರ, ಕಮಿಷನಿಂಗ್ ವರದಿ. ಗೋಡೆಯೊಳಗಿನ ನಿರೋಧಕದ ಫೋಟೊ ಮುಚ್ಚುವ ಮೊದಲೇ ತೆಗೆಯಬೇಕು. ಮುಚ್ಚಿದ ಮೇಲೆ ಅದನ್ನು ಸಾಬೀತು ಮಾಡಲು ಗೋಡೆ ಒಡೆಯಬೇಕಷ್ಟೇ. ವಿನ್ಯಾಸಕ್ಕೂ ಕಟ್ಟಿದ್ದಕ್ಕೂ ವ್ಯತ್ಯಾಸ ಇದ್ದರೆ ನೀವೇ ಮೊದಲು ಹೇಳಿ, ಮಾಡೆಲ್ ತಿದ್ದಿ ಕೊಡಿ. ಅವರೇ ಕಂಡುಹಿಡಿದರೆ ಉಳಿದದ್ದನ್ನೂ ಅನುಮಾನದಿಂದ ನೋಡುತ್ತಾರೆ.

ಹಂತ 10: ಮೊದಲ ವರ್ಷ

ಕೆಲವು ಯೋಜನೆಗಳಲ್ಲಿ ಒಂದು ಕಂತನ್ನು ಉಳಿಸಿಕೊಂಡು, ವರ್ಷದ ಮೀಟರ್ ಲೆಕ್ಕ ನೋಡಿ ಕೊಡುತ್ತಾರೆ. ಹೊಸ ಕಟ್ಟಡಕ್ಕೆ ಹಿಂದಿನ ಬಿಲ್ ಇರುವುದಿಲ್ಲವಲ್ಲ, ಹಾಗಾಗಿ ಮಾಡೆಲನ್ನೇ ನಿಜವಾದ ಬಳಕೆಗೆ ಹೊಂದಿಸಿ ಉಳಿತಾಯ ಲೆಕ್ಕ ಹಾಕುವುದು ರೂಢಿ. ಆಶ್ರೇ ಮಾರ್ಗಸೂಚಿ 14ರ ಪ್ರಕಾರ ತಿಂಗಳ ಅಂಕಿಗಳಲ್ಲಿ ಮಾಡೆಲ್‌ಗೂ ಮೀಟರ್‌ಗೂ ಒಟ್ಟಾರೆ ವ್ಯತ್ಯಾಸ ಶೇ 5ರೊಳಗೆ, ಒಂದೊಂದು ತಿಂಗಳ ವ್ಯತ್ಯಾಸದ ಏರಿಳಿತದ ಅಳತೆ ಶೇ 15ರೊಳಗೆ ಇರಬೇಕು. ಹೊಂದಿಸುವಾಗ ನಿಜವಾದ ಹವಾಮಾನ, ನಿಜವಾಗಿ ಬಂದ ಜನ, ನಿಜವಾಗಿ ಆಫೀಸ್ ತೆರೆದಿದ್ದ ಗಂಟೆ ಹಾಕಿ. ಅರ್ಧ ಕಟ್ಟಡ ಖಾಲಿ ಇದ್ದು ಬಿಲ್ ಕಡಿಮೆ ಬಂದರೆ ಅದು ಉಳಿತಾಯ ಅಲ್ಲ.

ಇದಕ್ಕೆ ಲೈಟು, ಎಸಿ, ಪ್ಲಗ್ ಮೂರಕ್ಕೂ ಬೇರೆ ಬೇರೆ ಉಪಮೀಟರ್ ಇದ್ದರೆ ಬಹಳ ಅನುಕೂಲ. ವಿನ್ಯಾಸದ ಹೊತ್ತಿನಲ್ಲೇ ಪ್ಯಾನೆಲ್‌ಗಳನ್ನು ಹಾಗೆ ಬೇರ್ಪಡಿಸಿದರೆ ಖರ್ಚು ಕಡಿಮೆ. ತಿಂಗಳಿಗೊಮ್ಮೆ ಮೂರೂ ಅಂಕಿಯನ್ನು ಮಾಡೆಲ್ ಪಕ್ಕದಲ್ಲಿಟ್ಟು ನೋಡಿ. ಭಾನುವಾರ ರಾತ್ರಿ ಎರಡು ಗಂಟೆಯ ಬಳಕೆಯನ್ನು ಒಮ್ಮೆ ತೆಗೆದು ನೋಡಿ. ಯಾರೂ ಇಲ್ಲದ ಹೊತ್ತಿನಲ್ಲಿ ಫ್ಯಾನುಗಳು ಓಡುತ್ತಿದ್ದರೆ ಅಲ್ಲಿ ಸಿಕ್ಕಿಬೀಳುತ್ತವೆ.

ಕಟ್ಟಡ ನಡೆಸುವ ಸಿಬ್ಬಂದಿಯನ್ನು ಕಮಿಷನಿಂಗ್ ದಿನವೇ ಜೊತೆಗೆ ಕರೆದುಕೊಂಡು ಓಡಾಡಿ. ಯಾವ ಪಂಪು ಯಾವಾಗ ಶುರುವಾಗಬೇಕು, ಹವಾಮಾನಕ್ಕೆ ತಕ್ಕ ಹಾಗೆ ತಣ್ಣೀರಿನ ಉಷ್ಣತೆ ಹೇಗೆ ಬದಲಾಗಬೇಕು ಅನ್ನುವುದನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ಎರಡು ಪುಟ ಬರೆದು, ಲ್ಯಾಮಿನೇಟ್ ಮಾಡಿಸಿ, ಪ್ಲಾಂಟ್ ರೂಮಿನ ಗೋಡೆಗೆ ಹಾಕಿ. ಶಿಫ್ಟ್ ಬದಲಾಗಿ ಹೊಸಬರು ಬಂದಾಗ ಮೊದಲು ಅವರ ಕಣ್ಣಿಗೆ ಬೀಳುವುದು ಅದೇ.